ಅಳತೆಗೆ ಮಾತ್ರ

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಇದನ್ನು ಹಾಕಬೇಡ, ಅದನ್ನು ಹಾಕಬೇಡ ಎಂದು ಯಾರೂ ಯಾವತ್ತೂ ಹೇಳಿದವರಲ್ಲ ಎಂದು ಅಪ್ಪ ಈಚೆಗೆ ನೆಂಟರ ಮನೆಯ ಗೃಹಪ್ರವೇಶದ ಊಟದಲ್ಲಿ ಹೇಳಿದ. ಗುಬ್ಬಿ ಸಂತೆಯಲ್ಲಿ ಜೀನ್ಸ್ ಹಾಕಿಕೊಂಡು ನಿಂತ ಮೊದಲ ಹುಡುಗಿ ತನ್ನ ಮಗಳು ರತ್ನ, ಅವಳನ್ನು ಹಾಗೆ ಕರೆದುಕೊಂಡು ಹೋದವನು ತಾನೇ ಎಂದೂ ಸೇರಿಸಿದ. ಎಲೆಯ ಮುಂದೆ ಕೂತಿದ್ದವರೆಲ್ಲ ತಲೆಯಾಡಿಸಿದರು. ಅಮ್ಮನೂ ಆಡಿಸಿದಳು. ಎದುರು ಸಾಲಿನಲ್ಲಿದ್ದ ರತ್ನಕ್ಕ ಪಾಯಸಕ್ಕೆ ಹಪ್ಪಳ ಅದ್ದಿಕೊಂಡು ತಿನ್ನುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಮೊಸರನ್ನಕ್ಕೆ ಕಾಯದೆ ಎದ್ದೆ. ಸಿಟ್ಟಿನಲ್ಲಿ ಬರೆಯಬಾರದು ಎನ್ನುತ್ತಾರೆ. ಸಿಟ್ಟು ಬರದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಆದರೆ ನನ್ನ ಸಿಟ್ಟಿಗೆ ಒಂದು ತೊಡಕಿದೆ. ನನಗೆ ನನ್ನ ನೆನಪಿನ ಮೇಲೇ ನಂಬಿಕೆಯಿಲ್ಲ. ಸಮಾಜಶಾಸ್ತ್ರ ಓದಿ, ಊರೂರು ತಿರುಗಿ ಜನರ ನೆನಪುಗಳನ್ನು ಕೇಳಿ ಬರೆದುಕೊಳ್ಳುವ ಕೆಲಸ ಮಾಡಿದವನು ನಾನು. ಒಬ್ಬನೇ ಮನುಷ್ಯ ಒಂದೇ ಜಗಳವನ್ನು ಕಾಫಿಗೆ ಮೊದಲು ಒಂದು ಥರ, ಕಾಫಿ ಆದ ಮೇಲೆ ಇನ್ನೊಂದು ಥರ ಹೇಳುವುದನ್ನು ಕಂಡಿದ್ದೇನೆ. ಹಾಗಿರುವಾಗ ನನ್ನದೊಂದೇ ನಿಜ ಎಂದು ಯಾವ ಬಾಯಲ್ಲಿ ಹೇಳಲಿ? ನಾವು ಚಿಕ್ಕವರಿದ್ದಾಗಿನ ಮನೆಯ ಗೋಡೆಗಳು ನೀಲಿ ಎಂದು ನನಗೆ ನೆನಪು. ಅಮ್ಮ ಹಸಿರು ಎನ್ನುತ್ತಾಳೆ. ಅಲ್ಲಿ ನೀಲಿಯಲ್ಲದ್ದು ಏನಿತ್ತು ಎನ್ನುವುದೇ ನನಗೆ ಈಗ ಹೊಳೆಯುವುದಿಲ್ಲ.

ತುಮಕೂರಿನಲ್ಲಿ ರೈಲ್ವೆ ಹಳಿಯ ಈಚೆಗಿದ್ದ ಬಾಡಿಗೆ ಮನೆ ಅದು. ಮುಂದೆ ಒಂದು ಪಡಸಾಲೆ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲೇ ದೇವರ ಪಟಗಳು. ಅಪ್ಪ ಸಂತೆಗಳಲ್ಲಿ ಜೀನ್ಸ್ ಪ್ಯಾಂಟು ಮಾರುತ್ತಿದ್ದ. ಒಂದು ದಿನ ಗುಬ್ಬಿ, ಒಂದು ದಿನ ಕುಣಿಗಲ್, ನಡುವೆ ಹೆಬ್ಬೂರು, ಅಮೃತೂರು. ಮಾಲು ಬಳ್ಳಾರಿಯಿಂದ ಲಾರಿಯಲ್ಲಿ ಮೂಟೆ ಮೂಟೆಯಾಗಿ ಬಂದು ನಡುಕೋಣೆಯಲ್ಲಿ ಸೂರು ಮುಟ್ಟುತ್ತಿತ್ತು. ಮನುಷ್ಯರು ಮಿಕ್ಕ ಜಾಗದಲ್ಲಿ ಮಲಗುತ್ತಿದ್ದೆವು. ಅಮ್ಮ ಪ್ಯಾಂಟುಗಳ ದಾರದ ತುದಿ ಕತ್ತರಿಸಿ, ಗುಂಡಿ ಎಳೆದು ನೋಡಿ, ಮಡಿಸಿ ಇಡುತ್ತಿದ್ದಳು. ಬಣ್ಣ ಬಿಡುವ ಮಾಲು ಬಂದ ವಾರ ಅವಳ ಬೆರಳೆಲ್ಲ ನೀಲಿ. ಎಷ್ಟು ತಿಕ್ಕಿ ತೊಳೆದರೂ ಮುದ್ದೆ ಕಟ್ಟುವಾಗ ಅಂಗೈಯ ಗೆರೆಯಲ್ಲಿ ಉಳಿದ ಬಣ್ಣ ಮುದ್ದೆಗೂ ಸ್ವಲ್ಪ ಹತ್ತುತ್ತಿತ್ತು. ನಾನು ಅದನ್ನು ತೋರಿಸಿದರೆ, ನಿನ್ನ ಸ್ಕೂಲ್ ಫೀಜೂ ಅದೇ ಬಣ್ಣದ್ದು, ಮುಚ್ಕೊಂಡು ನುಂಗು ಎನ್ನುತ್ತಿದ್ದಳು. ಪ್ಯಾಂಟಿನ ಸೊಂಟದ ಹಿಂದೆ ಒಂದು ರಟ್ಟಿನಂಥ ಚೂರು, ಅದರ ಮೇಲೆ ಅಗಲ ಟೋಪಿ ಹಾಕಿ ಕುದುರೆ ಹತ್ತಿದ ಒಬ್ಬ ಮನುಷ್ಯ. ಸಂತೆಯ ಜನ ಅದಕ್ಕೆ ಕುದುರೆ ಪ್ಯಾಂಟು ಎಂದು ಹೆಸರಿಟ್ಟಿದ್ದರು. ಊರಲ್ಲೇ ಕುದುರೆ ಫಾರಂ ಇದ್ದ ಕುಣಿಗಲ್ಲಿನವರಿಗೆ ಕುದುರೆ ಹೊಸದಲ್ಲವಲ್ಲ, ಅವರು ಆ ಚಿತ್ರ ನೋಡಿ, ಲಗಾಮು ಹಿಡಿಯೋದು ಹಿಂಗಲ್ಲ ಕಣಯ್ಯ, ಇವ್ನು ಬೀಳ್ತಾನೆ ಎಂದು ನಗುತ್ತಲೇ ಕೊಂಡುಕೊಳ್ಳುತ್ತಿದ್ದರು.

ನಮಗೆ ಅನ್ನ ಹಾಕುತ್ತಿದ್ದ ಆ ಬಟ್ಟೆಯ ಜೊತೆ ನಮ್ಮ ಮನೆಗೆ ಇದ್ದ ಸಂಬಂಧ ಯೋಚಿಸಿದರೆ ಈಗಲೂ ಮೈ ಉರಿಯುತ್ತದೆ. ಸಂತೆಯಿಂದ ಬಂದ ಅಪ್ಪ ತಾನು ಹಾಕಿಕೊಂಡಿದ್ದ ಪ್ಯಾಂಟನ್ನು ಪಡಸಾಲೆಯಲ್ಲೇ ಬಿಚ್ಚಿ, ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿ, ಪಂಚೆ ಸುತ್ತಿಕೊಂಡು, ಕಾಲು ತೊಳೆದೇ ಊಟಕ್ಕೆ ಕೂರಬೇಕು. ಪ್ಯಾಂಟು ಹಾಕಿಕೊಂಡು ದೇವರ ಮುಂದೆ ನಿಲ್ಲಬಾರದು, ಅನ್ನದ ಮುಂದೆ ಕೂರಬಾರದು. ನನಗೂ ಅದೇ ನಿಯಮ. ಸ್ಕೂಲಿಂದ ಬಂದವನು ಚಡ್ಡಿಗೆ ಇಳಿಯದೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅದೇ ಅಪ್ಪ ಆಯುಧಪೂಜೆಯ ದಿನ ನಡುಕೋಣೆಯ ಮೂಟೆಗಳಿಗೆ ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಬೂದುಗುಂಬಳಕಾಯಿ ಒಡೆಯುತ್ತಿದ್ದ. ಒಂದೇ ಪ್ಯಾಂಟು ಮೂಟೆಯಲ್ಲಿದ್ದಾಗ ದೇವರು, ಮೈಮೇಲೆ ಬಂದಾಗ ಮೈಲಿಗೆ. ಇದನ್ನು ಕೇಳಿದ್ದಕ್ಕೆ ನನಗೆ ಏಟು ಬಿದ್ದಿತ್ತು ಎಂದು ನೆನಪು. ಕೇಳಿದ್ದೆನೋ, ಕೇಳಬೇಕಿತ್ತು ಎಂದು ಆಮೇಲೆ ಅಂದುಕೊಂಡೆನೋ, ಖಚಿತವಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಬಳ್ಳಾರಿಯಿಂದ ಬರುವ ಪ್ಯಾಂಟುಗಳ ಮೇಲೆ ಬರೆದ ನಂಬರಿಗೂ ಒಳಗಿನ ಸೊಂಟಕ್ಕೂ ಆಗಾಗ ಸಂಬಂಧವೇ ಇರುತ್ತಿರಲಿಲ್ಲ. ಒಟ್ಟಿಗೆ ಹೊಲಿದು ಬಂದ ಒಂದು ಲಾಟಿನ ಇಪ್ಪತ್ತೆಂಟು ಇನ್ನೊಂದು ಲಾಟಿನ ಮೂವತ್ತರಷ್ಟು ಸಡಿಲ, ಮತ್ತೊಂದು ಲಾಟಿನದ್ದು ತೊಡೆಯ ಮೇಲೇ ಏರದು. ಕಾಲೇಜು ಹುಡುಗರು ಕೇಳುತ್ತಿದ್ದದ್ದು ಇಪ್ಪತ್ತೆಂಟನ್ನೇ, ವಾಪಸು ತಂದು ಮುಖಕ್ಕೆ ಎಸೆಯುತ್ತಿದ್ದದ್ದೂ ಅದನ್ನೇ. ಅಪ್ಪನ ಹೊಟ್ಟೆಗೆ ಅದು ಆಗದು, ನಾನು ಇನ್ನೂ ಪೀಚು. ಮನೆಯಲ್ಲಿ ಇಪ್ಪತ್ತೆಂಟಕ್ಕೆ ಸರಿಯಾದ ಮೈ ಒಂದೇ, ಅಕ್ಕನದು. ಅವಳು ಆಗ ಪಿಯುಸಿ ಓದುತ್ತಿದ್ದಳು. ಹೊಸ ಮಾಲು ಬಂದ ದಿನ ಅಪ್ಪ ಅವಳನ್ನು ನಡುಕೋಣೆಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಒಂದೊಂದು ಲಾಟಿನಿಂದ ಒಂದೊಂದು ಪ್ಯಾಂಟು ಕೊಡುತ್ತಿದ್ದ. ಅವಳು ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಎದ್ದು, ಮೂಟೆಯ ಮೇಲೆ ಕಾಲಿಟ್ಟು ಹತ್ತಿ ಇಳಿದು ವರದಿ ಒಪ್ಪಿಸಬೇಕು. ಅಪ್ಪ ಬಾಗಿಲಿಗೆ ಬೆನ್ನು ಮಾಡಿಕೊಂಡು ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದ.

"ಹೆಂಗೈತೆ?"

"ಮಂಡಿ ತಾವ ಹಿಡೀತದೆ. ಸೊಂಟ ಪರ್ವಾಗಿಲ್ಲ."

"ಜಿಪ್ಪು?"

"ಜಿಪ್ಪು ಸರಿಗೈತೆ. ಬಣ್ಣ ಬುಡ್ತದೆ, ನಂ ಕಾಲೆಲ್ಲ ಕೃಷ್ಣನಂಗಾಯ್ತು."

ಕುಣಿಗಲ್ಲಿನಲ್ಲಿದ್ದ ನಮ್ಮ ಸೋದರತ್ತೆ ಒಮ್ಮೆ ಇಂಥ ಹೊತ್ತಿಗೆ ಬಂದವಳು ಬಾಗಿಲ ಸಂದಿಯಿಂದ ನೋಡಿ ಹೌಹಾರಿದಳು. ಮದುವೆಗೆ ಬಂದ ಹುಡುಗಿಗೆ ಇದೇನು ವೇಷ ಎಂದಳು. ಅಪ್ಪ ಅವತ್ತು ಕೊಟ್ಟ ಉತ್ತರ ನಮ್ಮ ಮನೆಯ ಕಾನೂನಾಯಿತು.

"ಅಳತೆಗೆ ಕಣಕ್ಕ. ಹಾಕ್ಕಳಕ್ಕಲ್ಲ."

ಅಳತೆಗೆ. ಆ ಒಂದು ಪದದ ಮರೆಯಲ್ಲಿ ಅಕ್ಕ ಎಷ್ಟೋ ವರ್ಷ ತುಮಕೂರಿನ ಯಾವ ಹುಡುಗನಿಗಿಂತ ಹೆಚ್ಚು ಜೀನ್ಸ್ ಹಾಕಿದಳು. ಮುಗಿದ ಮೇಲೆ ಬಿಚ್ಚಿ, ಮಡಿಸಿ, ಚೂಡಿದಾರ ಹಾಕಿಕೊಂಡು, ದುಪಟ್ಟ ಸರಿಮಾಡಿಕೊಂಡು ಹೊರಗೆ ಬರಬೇಕು. ಒಂದು ಸಲ ಬಿಚ್ಚದೆ, ಪ್ಯಾಂಟಿನ ಮೇಲೇ ಕುರ್ತಾ ಎಳೆದುಕೊಂಡು, ಹಾಲಿನ ಬೂತಿಗೆ ಹೊರಟಿದ್ದಳು. ಗೇಟಿನ ತನಕವೂ ಹೋಗಿರಲಿಲ್ಲ. ಅಮ್ಮ ಜಡೆ ಹಿಡಿದು ಒಳಗೆ ತಂದಳು. ಅಪ್ಪ ಆ ಪ್ಯಾಂಟನ್ನು ಬಿಚ್ಚಿಸಿಕೊಂಡು, ಹುಷಾರಾಗಿ ಮಡಿಸಿ, ಮೂಟೆಗೆ ಸೇರಿಸಿದ. ಅದು ಮಾರಾಟವಾಯಿತು. ಅಕ್ಕನಿಗೆ ಅತ್ಯಂತ ಅವಮಾನವಾದದ್ದು ಅದೇ ಎಂದು ಅವಳು ಬಹಳ ಕಾಲದ ಮೇಲೆ ಹೇಳಿದಳು. ಹರಿದು ಹಾಕಿದ್ದರೂ ಅದು ತನ್ನದಾಗಿತ್ತು ಅನ್ನಿಸುತ್ತಿತ್ತಂತೆ.

ಅಮೃತೂರಿನ ನಮ್ಮ ಅಜ್ಜಿ ರಾಗಿ ಹೊಲಕ್ಕೆ ಕಳೆ ಕೀಳಲು ಹೋಗುವಾಗ ಸೀರೆಯ ಮೇಲೆ ತಾತನ ತುಂಬುತೋಳಿನ ಶರ್ಟು ಹಾಕಿಕೊಳ್ಳುತ್ತಿದ್ದಳು. ಕಾಲರ್ರು, ಕಫು, ಜೇಬು ಎಲ್ಲ ಇದ್ದ ಶರ್ಟು. ಜೇಬಿನಲ್ಲಿ ಎಲೆ ಅಡಿಕೆ ಇರುತ್ತಿತ್ತು. ಊರಿನ ಎಲ್ಲ ಹೆಂಗಸರೂ ಹಾಗೇ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಅದನ್ನು ಯಾರೂ ಪಾಶ್ಚಾತ್ಯ ಎಂದದ್ದು ನಾನು ಕೇಳಿಲ್ಲ. ಅಪ್ಪನ ಪ್ಯಾಂಟನ್ನೂ ಯಾರೂ ಹಾಗೆ ಅನ್ನಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುವಾಗ ಒಂದು ವಿಚಾರಸಂಕಿರಣದಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟು ಶರ್ಟು, ಬೆಲ್ಟು, ಬೂಟು ಹಾಕಿದ ಮೇಷ್ಟ್ರೊಬ್ಬರು ಪಾಶ್ಚಾತ್ಯ ಉಡುಪು ನಮ್ಮ ಯುವತಿಯರನ್ನು ಹೇಗೆ ವಶಪಡಿಸಿಕೊಂಡಿದೆ ಎಂದು ಇಡೀ ಮಧ್ಯಾಹ್ನ ಮಾತಾಡಿದರು. ನಾನು ಎದ್ದುನಿಂತು ಸಾರ್, ನೀವು ಯಾವಾಗ ವಶವಾದಿರಿ ಎಂದು ಕೇಳಿದೆ. ಸಭೆ ನಕ್ಕಿತು, ನನಗೆ ನಗು ಬರಲಿಲ್ಲ. ಬಟ್ಟೆ ಪಶ್ಚಿಮದಿಂದ ಬರುವುದಿಲ್ಲ. ಅದು ಹೆಣ್ಣಿನ ಮೈ ಮುಟ್ಟಿದ ಕ್ಷಣ ಅಲ್ಲಿಂದ ಬಂದದ್ದು ಎಂದಾಗುತ್ತದೆ. ಇದನ್ನು ತಿಳಿಯಲು ನನಗೆ ಯಾವ ಪುಸ್ತಕವೂ ಬೇಕಿರಲಿಲ್ಲ.

ಆ ವರ್ಷಗಳಲ್ಲಿ ಏನೆಲ್ಲ ಬಂದು ಹೋಯಿತು. ಮೊದಲು ದೊಗಲೆ ಬ್ಯಾಗಿ ಬಂತು, ಆಮೇಲೆ ಪಾದದ ಹತ್ತಿರ ಕಚ್ಚಿಕೊಳ್ಳುವಂಥದ್ದು, ಕಲ್ಲು ಹಾಕಿ ಒಗೆದು ಮಾಸಿದಂತೆ ಮಾಡಿದ್ದು, ತೊಡೆಯ ಮೇಲೆ ಚೀಲದಂಥ ಜೇಬಿದ್ದದ್ದು, ದುಡ್ಡು ಕೊಟ್ಟು ಕೊಳ್ಳುವ ಹರಿದ ಮಂಡಿಯದ್ದು. ಟೆರಿಕಾಟಿನ ಸಫಾರಿ ಸೂಟು ಸತ್ತೇಹೋಯಿತು. ಜೀನ್ಸ್ ಮಾತ್ರ ವೇಷ ಬದಲಿಸಿಕೊಂಡು ಅಲ್ಲೇ ಕೂತಿತು. ಯಾಕೆ ಎಂದು ಕೇಳಿದರೆ ಅಪ್ಪ ವ್ಯಾಪಾರಿಯ ಉತ್ತರ ಕೊಡುತ್ತಿದ್ದ: ಕೊಳೆ ಕಾಣಲ್ಲ, ಇಸ್ತ್ರಿ ಬೇಡ, ಹಿರೇಹಳ್ಳಿ ಫ್ಯಾಕ್ಟರಿಗೂ ಆಗ್ತದೆ, ಮದುವೆ ಮನೆಗೂ ಆಗ್ತದೆ. ನಾನು ಓದಿದವನ ಉತ್ತರಗಳನ್ನು ಕಟ್ಟಿದೆ, ಒಂದೂ ನಿಲ್ಲಲಿಲ್ಲ. ಅಕ್ಕನನ್ನು ಕೇಳಿದಾಗ ಅವಳು ಯೋಚಿಸದೆ ಹೇಳಿದ್ದು ಇಷ್ಟು.

"ಸೀರೆ ಉಟ್ರೆ ಸೆರಗು ಸರಿಮಾಡ್ಕೊ ಅಂತಾರೆ. ಚೂಡಿದಾರ ಹಾಕಿದ್ರೆ ದುಪಟ್ಟ ಸರಿಮಾಡ್ಕೊ ಅಂತಾರೆ. ಇದ್ರಲ್ಲಿ ಸರಿಮಾಡ್ಕೊ ಅನ್ನಕ್ಕೆ ಏನೂ ಇಲ್ಲ ಕಣೋ. ಅದುಕ್ಕೇ ಬೇಡ ಅಂತಾರೆ."

ಅವಳಿಗೆ ಬೇಕಿದ್ದದ್ದು ಒಂದೇ. ಬಾಗಿಲು ಮುಂದೆ ಮಾಡಿದ ಆ ಕೋಣೆಯಿಂದ ಹಾಗೇ, ಯಾರೂ ಬಿಚ್ಚಿಸಿಕೊಳ್ಳದೆ, ಪಡಸಾಲೆ ದಾಟಿ ಬೀದಿಗೆ ಇಳಿಯಬೇಕು. ನಮ್ಮ ಮನೆಯಲ್ಲಿ ಯಾರಿಗೂ ಅದು ಒಂದು ಆಸೆ ಎಂದೇ ಅನ್ನಿಸಲಿಲ್ಲ. ಹಟ ಎಂದರು, ವಯಸ್ಸು ಎಂದರು, ಮದುವೆ ಮಾಡಿದರೆ ಸರಿಹೋಗುತ್ತದೆ ಎಂದರು. ಅವಳ ಡಿಗ್ರಿ ಮುಗಿಯುತ್ತಿದ್ದ ಹಾಗೆ ಕುಣಿಗಲ್ ಅತ್ತೆಯೇ ಗುಬ್ಬಿ ಕಡೆಯ ಒಂದು ಸಂಬಂಧ ತಂದಳು. ತೆಂಗಿನ ತೋಟ, ಒಬ್ಬನೇ ಮಗ, ಹುಡುಗನಿಗೆ ಬೆಸ್ಕಾಂ ಥರದ ಖಾಯಂ ಕೆಲಸವಲ್ಲದಿದ್ದರೂ ಸಂಬಳದ ಕೆಲಸ. ಹೆಣ್ಣು ನೋಡಲು ಬರುವ ದಿನ ಮನೆಯಲ್ಲಿ ಕೂರಲು ಕುರ್ಚಿಗಳು ಸಾಲವು. ಅಪ್ಪ ಪ್ಯಾಂಟಿನ ಮೂಟೆಗಳನ್ನು ಪಡಸಾಲೆಗೆ ಉರುಳಿಸಿ, ಗೋಡೆಗೆ ಒತ್ತಿ ಸಾಲಾಗಿ ಜೋಡಿಸಿ, ಮೇಲೆ ಜಮಖಾನ ಹಾಸಿ ದಿವಾನ ಮಾಡಿದ. ಯಾರಾದರೂ ಮೆಚ್ಚಲಿ ಎಂದು ತುಸು ದೂರ ನಿಂತು ನೋಡಿದ. ಅಕ್ಕನಿಗೆ ಅಮ್ಮನ ರೇಷ್ಮೆ ಸೀರೆ. ಉಪ್ಪಿಟ್ಟು, ಕೇಸರಿಬಾತು.

ಹುಡುಗ ಜೀನ್ಸ್ ಹಾಕಿಕೊಂಡು ಬಂದ. ಅದೂ ಕುದುರೆ ಪ್ಯಾಂಟೇ. ಅವನು ಹಿಂದೆ ತಿರುಗಿ ಚಪ್ಪಲಿ ಬಿಡುವಾಗ ಟೋಪಿಯವನು ಕಂಡ. ಅಪ್ಪನ ಮುಖ ಅರಳಿತು. ತನ್ನ ಮಾಲನ್ನು ತಾನೇ ಗುರುತಿಸಿ, ನಮ್ಮ ಹತ್ರ ತಗಂಡಿದ್ದಲ್ವೇ ಎಂದು ಹೆಮ್ಮೆಯಿಂದ ಕೇಳಿದ. ಹುಡುಗ ಹೌದೆಂದ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಪಾಪ, ಅವನಿಗೆ ಕೂರಲು ಆಗುತ್ತಿರಲಿಲ್ಲ. ದಿವಾನದ ಅಂಚಿಗೆ ಬೆನ್ನು ನೆಟ್ಟಗೆ ಮಾಡಿ, ಕಾಲು ಚಾಚಿ ಒರಗಿದಂತೆ ನಿಂತಿದ್ದ. ಅಕ್ಕ ಕಾಫಿ ತಟ್ಟೆ ಹಿಡಿದು ಬಂದಳು. ತಲೆ ತಗ್ಗಿಸಿಕೊಂಡೇ ಬಾ ಎಂದು ಅತ್ತೆ ಹೇಳಿಕೊಟ್ಟಿದ್ದಳು. ತಲೆ ತಗ್ಗಿಸಿದ್ದರಿಂದಲೇ ಅವಳಿಗೆ ಕಂಡದ್ದು ಅವನ ಮುಖವಲ್ಲ, ಪ್ಯಾಂಟು. ಆಗ ಬಂದ ಮಾತನ್ನು ಅವಳು ಬೇಕಂತಲೇ ಆಡಿದಳು ಎಂದು ಅತ್ತೆ ಸಾಯುವ ತನಕ ಹೇಳಿದಳು. ನನಗೆ ಹಾಗೆ ಅನ್ನಿಸುವುದಿಲ್ಲ. ಅಷ್ಟು ವರ್ಷ ಬಾಗಿಲ ಹಿಂದಿನಿಂದ ವರದಿ ಒಪ್ಪಿಸಿದ ಬಾಯಿ, ತಾನಾಗಿಯೇ ಒಪ್ಪಿಸಿತು.

"ನಿಮ್ಗೆ ಮೂವತ್ತಾಗ್ಬೇಕು. ಇದು ಇಪ್ಪತ್ತೆಂಟು, ಅದ್ರಲ್ಲೂ ಬಿಗಿ ಲಾಟು. ತೊಡೆ ತಾವ ಹಿಡ್ದಿದೆ, ಅದುಕ್ಕೇ ಕೂರಕ್ಕಾಗ್ತಿಲ್ಲ."

ಹುಡುಗ ಎಲ್ಲರಿಗಿಂತ ಮೊದಲು ಮಾತಾಡಿದ. ಹೌದು, ಬಿಗಿ ಐತೆ ಎಂದ. ಅವನ ದನಿಯಲ್ಲಿ ಕೃತಜ್ಞತೆಯೇ ಇತ್ತು. ಅವನ ತಾಯಿ ಕಾಫಿ ಲೋಟವನ್ನು ತಟ್ಟೆಗೆ ವಾಪಸು ಇಟ್ಟಳು.

"ನಿಂಗೆಂಗವ್ವ ಗೊತ್ತು ಅದೆಲ್ಲ?"

"ಆ ಲಾಟು ನಾನೇ ಹಾಕ್ಕಂಡು ನೋಡಿದ್ದು."

ಅಳತೆಗೆ ಅಷ್ಟೇ, ಅಳತೆಗೆ ಅಷ್ಟೇ ಎಂದು ಅಪ್ಪ ನಡುವೆ ಬಿದ್ದ. ಅಷ್ಟರಲ್ಲಿ ಆ ತಾಯಿಯ ತಲೆಯಲ್ಲಿ ಬೇರೆಯೇ ಲೆಕ್ಕ ಮುಗಿದಿತ್ತು. ಹುಡುಗಿ ಪ್ಯಾಂಟು ಹಾಕುತ್ತಾಳೆ ಎನ್ನುವುದು ಅವಳಿಗೆ ದೊಡ್ಡದಾಗಲಿಲ್ಲ. ಎದ್ದು ನಿಂತು ಅವಳು ಕೇಳಿದ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ.

"ಅಂದ್ರೆ ಹೆಂಗ್ಸು ಹಾಕಿ ಬುಟ್ಟ ಪ್ಯಾಂಟಾ ನನ್ ಮಗ ಹಾಕ್ಕಂಡಿರೋದು?"

ಒಂದು ಲಾಟಿಗೆ ಒಂದೇ ಪ್ಯಾಂಟು ನೋಡುವುದು, ಅವನದು ಅದೇ ಇರಲಾರದು ಎಂದು ಅಪ್ಪ ವಿವರಿಸಲು ಹೋದ. ವಿವರಿಸಿದಷ್ಟೂ ಕೆಟ್ಟಿತು. ಅವರು ಕೇಸರಿಬಾತು ಮುಟ್ಟದೆ ಹೋದರು. ಆಮೇಲೆ ಏಟು ಬಿದ್ದ ಸದ್ದು ನನ್ನ ಕಿವಿಯಲ್ಲಿದೆ. ಹೊಡೆದವರು ಯಾರು ಎಂಬಲ್ಲಿ ನನ್ನ ನೆನಪು ತಡವರಿಸುತ್ತದೆ. ಯಾರೂ ಅವಳ ಮೈ ಮುಟ್ಟಲಿಲ್ಲ, ನೀನು ಕೇಳಿದ್ದು ಮೂಟೆ ಬಿದ್ದ ಸದ್ದು ಎಂದು ಅಮ್ಮ ಈಗ ಹೇಳುತ್ತಾಳೆ. ಹೊಡೆದದ್ದು ಅಪ್ಪನೋ ಅಮ್ಮನೋ ಎಂದು ಅಕ್ಕನನ್ನೇ ಕೇಳಿದೆ.

"ಸರದಿ ಮೇಲೆ ಹೊಡುದ್ರು ಕಣೋ. ನೀನೊಂದು ಸರದಿ ನೋಡಿರ್ಬೇಕು."

ಮಾತು ಅಪ್ಪನಿಗಿಂತ ಮೊದಲೇ ಗುಬ್ಬಿ ಸಂತೆ ತಲುಪಿತ್ತು. ಮುಂದಿನ ವಾರ ಅಪ್ಪ ಟಾರ್ಪಾಲು ಕಟ್ಟುವ ಮೊದಲೇ ಪಕ್ಕದ ಪಾತ್ರೆಯಂಗಡಿಯವನು ಅಪ್ಪನನ್ನು ಕರೆದು, ರಂಗಣ್ಣ, ಇದನ್ನ ಯಾರು ಹಾಕಿ ನೋಡಿದ್ರು ಎಂದು ಒಂದು ಪ್ಯಾಂಟು ಎತ್ತಿ ತೋರಿಸಿದನಂತೆ. ಹುಡುಗರು ಬಂದು ನಕ್ಕು ಹೋದರು, ಕೊಳ್ಳಲಿಲ್ಲ. ಹೆಂಗಸು ಮುಟ್ಟದ ಮಾಲು ತೆಗಿ ಎಂದರು. ಅಪ್ಪ ಅಕ್ಕನಿಗೆ ನಡುಕೋಣೆ ಬಂದ್ ಮಾಡಿದ. ಅಳತೆ ನೋಡುವವರಿಲ್ಲದೆ ತಪ್ಪು ನಂಬರಿನ ಮಾಲು ಹೆಬ್ಬೂರಿನಿಂದ, ಕುಣಿಗಲ್ಲಿನಿಂದ ವಾಪಸು ಬರತೊಡಗಿತು. ಊಟದ ಹೊತ್ತು ಅಮ್ಮ ಬಸ್ಸಾರಿನ ಪಾತ್ರೆಯನ್ನು ಅಕ್ಕನ ಮುಂದೆ ಕುಕ್ಕುತ್ತಿದ್ದಳು. ನಮ್ಮ ಅನ್ನಕ್ಕೆ ಕಲ್ಲು ಹಾಕಿದವಳೇ ಬಡಿಸಿಕೊಳ್ಳಲಿ ಎಂದು ಗೋಡೆಗೆ ಹೇಳುತ್ತಿದ್ದಳು. ಬಿ.ಎ. ಓದಿದ ಮಗಳು ಇಪ್ಪತ್ತೆಂಟರ ಅಳತೆಯಾಗಿದ್ದಾಗ ಆ ಅನ್ನವನ್ನು ಯಾರು ತಿಂದರು ಎಂದು ಆಗ ಕೇಳುವ ವಯಸ್ಸು ನನ್ನದಾಗಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಆಮೇಲೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಹುಡುಗರು ಬಿಟ್ಟ ಅಂಗಡಿಗೆ ಹುಡುಗಿಯರು ಬಂದರು. ಗುಬ್ಬಿಯ ಕಾಲೇಜಿನ ಕೆಲವರು, ಮೊದಲು ದೂರದಿಂದ ನೋಡಿ, ಆಮೇಲೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತಿರ ಬಂದು, ಅಣ್ಣ, ಹುಡ್ಗೀರಿಗೆ ಆಗೋ ಪ್ಯಾಂಟು ನಿಮ್ಮ ಹತ್ರ ಇದಾವಂತಲ್ಲ ಎಂದರು. ಮಾತು ಅವರ ಕಿವಿಗೆ ಬೇರೆ ಥರ ಬಿದ್ದಿತ್ತು. ಅದು ಹೊಸ ಶತಮಾನದ ಶುರು. ಟೀವಿಯಲ್ಲಿ ಎಲ್ಲ ಹುಡುಗಿಯರೂ ಜೀನ್ಸಿನಲ್ಲಿದ್ದರು, ಗುಬ್ಬಿಯಲ್ಲಿ ಒಬ್ಬಳೂ ಇರಲಿಲ್ಲ. ಅಪ್ಪ ಪ್ಯಾಂಟು ತೆಗೆದು ತೋರಿಸಿದ. ಹುಡುಗಿಯರು ನಾಚಿಕೊಂಡರು, ಸೊಂಟ ಎಷ್ಟು ಎಂದು ಗಂಡಸು ಕೇಳಿದರೆ ಅವರು ಹೇಗೆ ಹೇಳಿಯಾರು? ಮುಟ್ಟಿ ನೋಡಿ ಹೋದರು. ಮರುವಾರ ಇನ್ನೂ ಹೆಚ್ಚು ಜನ ಬಂದು ಹಾಗೇ ಹೋದರು. ಮೂರನೆಯ ವಾರ ಅಪ್ಪ ಸಂತೆಯಿಂದ ಬಂದವನು ಪಂಚೆ ಸುತ್ತಿ, ಕಾಲು ತೊಳೆದು, ಮುದ್ದೆಯ ಮುಂದೆ ಕೂತು, ತಟ್ಟೆ ನೋಡುತ್ತ, ರತ್ನನ್ನ ಸಂತೆಗೆ ಕಳ್ಸು ಎಂದು ಅಮ್ಮನಿಗೆ ಹೇಳಿದ. ಮಗಳು ಅಲ್ಲೇ, ಒಂದು ಮಾರು ದೂರದಲ್ಲಿ ಊಟ ಮಾಡುತ್ತಿದ್ದಳು. ಅವಳು ಒಂದು ಪ್ಯಾಂಟು ಹಾಕ್ಕಂಡು ಅಂಗಡಿ ತಾವ ನಿಂತ್ರೆ ಸಾಕು, ಹುಡ್ಗೀರು ಅವಳ ಹತ್ರ ಕೇಳ್ಕಂತಾರೆ, ಅಳತೆಗೆ ಅಷ್ಟೇ ಎಂದ. ಅಲ್ಲಿಗೆ ಹೋಗಿ ಟಾರ್ಪಾಲಿನ ಮರೆಯಲ್ಲಿ ಹಾಕಿಕೊಳ್ಳಲಿ, ಬರುವಾಗ ಬಿಚ್ಚಿ ಬರಲಿ ಎಂದ.

"ಇಲ್ಲಿಂದ್ಲೇ ಹಾಕ್ಕಂಡು ಬರ್ತೀನಿ," ಎಂದಳು ಅಕ್ಕ. "ಮುಂದ್ಗಡೆ ಬಾಗ್ಲಿಂದ. ನಿನ್ ಜೊತೇಲಿ ಬಸ್ಸಲ್ಲಿ. ಇಲ್ಲಾಂದ್ರೆ ಬರಲ್ಲ."

ಅಪ್ಪ ಆಗುವುದಿಲ್ಲವೆಂದ. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿದಳು. ಎಷ್ಟು ದಿನ ಅದು ಎಳೆಯಿತೋ ಗೊತ್ತಿಲ್ಲ. ಒಂದು ವಾರ ಎಂದು ಅಮ್ಮ, ತಿಂಗಳು ಎಂದು ಅಕ್ಕ. ತಾನು ಅವತ್ತೇ ಖುಷಿಯಿಂದ ಒಪ್ಪಿದೆ ಎಂದು ಅಪ್ಪ. ಒಪ್ಪಿಸಿದ್ದು ಖುಷಿಯಲ್ಲ, ನಡುಕೋಣೆಯಲ್ಲಿ ಕರಗದೆ ಉಳಿದ ಮೂಟೆಗಳು.

ಹೊರಟ ಬೆಳಿಗ್ಗೆ ನಾನೂ ಇದ್ದೆ, ಬೇಸಿಗೆ ರಜೆ. ಅಕ್ಕ ನಡುಕೋಣೆಯಿಂದ ಹೊರಗೆ ಬಂದಳು. ಕಪ್ಪು ನೀಲಿ ಪ್ಯಾಂಟು, ಒಳಗೆ ಸೇರಿಸದ ಬಿಳಿ ಶರ್ಟು, ಎಣ್ಣೆ ಹಚ್ಚಿ ಹೆಣೆದ ಜಡೆ, ಹಣೆಯಲ್ಲಿ ಕುಂಕುಮ. ಚೆಂದ ಕಾಣುತ್ತಿದ್ದಳೋ ಇಲ್ಲವೋ ನನಗೆ ಹೇಳಲಾಗದು, ನೆಟ್ಟಗೆ ಕಾಣುತ್ತಿದ್ದಳು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬೀದಿಯಲ್ಲಿ ಅಪ್ಪ ಮುಂದೆ ಮುಂದೆ, ಬೇರೆ ಯಾರದೋ ಕೆಲಸಕ್ಕೆ ಹೊರಟವನಂತೆ ನಡೆದ. ಅವಳು ಹತ್ತಿರ ಬಂದರೆ ಅವನ ಕಾಲು ಚುರುಕಾಗುತ್ತಿತ್ತು. ಬಸ್ಸಿನಲ್ಲಿ ಅವನು ಡ್ರೈವರ್ ಹಿಂದೆ, ನಾವಿಬ್ಬರೂ ಕೊನೆಯ ಸೀಟಿನಲ್ಲಿ. ಕಂಡಕ್ಟರ್ ಅಕ್ಕನನ್ನು ಮೇಡಂ ಎಂದ. ನಾವು ಯಾರೂ ಅದುವರೆಗೆ ಯಾವ ಬಸ್ಸಿನಲ್ಲೂ ಮೇಡಂ ಅನ್ನಿಸಿಕೊಂಡಿರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು. ನಗುತ್ತಿದ್ದಳು ಎಂದು ನನ್ನ ಊಹೆ.

ಸಂತೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನಮ್ಮ ಟಾರ್ಪಾಲಿನ ಕೆಳಗೆ ಜಾಗವಿರಲಿಲ್ಲ. ಹುಡುಗಿಯರು ಅವಳ ಸುತ್ತ ನಿಂತು, ಪಿಸುಪಿಸು ಕೇಳಿದರೆ, ಅವಳು ಕಣ್ಣಲ್ಲೇ ಸೊಂಟ ಅಳೆದು ನಂಬರು ಹೇಳುತ್ತಿದ್ದಳು. ನಾನು ಮೂಟೆಯಿಂದ ತೆಗೆದುಕೊಡುತ್ತಿದ್ದೆ. ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಿದ್ದಳು. ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿ, ಅಪ್ಪನ ಕಡೆ ತಿರುಗಿ, ಇವ್ಳು ನಿನ್ ಮಗ್ಳೇನಪ್ಪ ಎಂದು ಕೇಳಿದಳು.

"ಅಂಗ್ಡಿ ಹುಡ್ಗಿ ಕಣವ್ವ."

ಇದೇ ನಾನು ಕೇಳಿದ ಮಾತು. ಇದರ ಬಗ್ಗೆಯೇ ನಮ್ಮ ಮನೆಯಲ್ಲಿ ವಾದ. ತಾನು ನಮ್ ಹುಡ್ಗಿ ಎಂದೆನೇ ಹೊರತು ಅಂಗಡಿ ಹುಡುಗಿ ಎನ್ನಲಿಲ್ಲ ಎಂದು ಅಪ್ಪ ಆಣೆ ಮಾಡುತ್ತಾನೆ. ಸಂತೆಯ ಗದ್ದಲ, ಪಕ್ಕದಲ್ಲಿ ಪಾತ್ರೆಯವನ ಬಡಿತ. ನನ್ನ ಕಿವಿ ತಪ್ಪಿರಬಹುದು ಎಂದು ನಾನೇ ನನ್ನ ವಿರುದ್ಧ ಎಷ್ಟೋ ಸಲ ವಾದಿಸಿದ್ದೇನೆ. ಅವನು ಏನಂದ ಎಂದು ಅಕ್ಕನನ್ನು ಕೇಳಿದರೆ, ಅದು ಬುಡು, ನಾನೇನಂದೆ ಅನ್ನೋದು ನೆನಪೈತಾ ನಿಂಗೆ ಎನ್ನುತ್ತಾಳೆ. ನೆನಪಿದೆ. ನನ್ನ ಕಿವಿಯನ್ನು ನಾನು ನಂಬುವುದು ಅದರಿಂದಲೇ. ಅವನು ನಮ್ಮ ಹುಡುಗಿ ಎಂದಿದ್ದರೆ ಅವಳು ಹಾಗೆ ಮಾಡಬೇಕಾದ ಅಗತ್ಯವೇ ಇರಲಿಲ್ಲ.

ಅವಳ ಕೈಯಲ್ಲಿ ಅರ್ಧ ಮಡಿಸಿದ ಪ್ಯಾಂಟಿತ್ತು. ಅದನ್ನು ಪೂರ್ತಿ ಮಡಿಸಿ ಇಟ್ಟಳು.

"ಅಪ್ಪ, ಮೂವತ್ತು ತೆಗಿ," ಎಂದಳು.

ಮೂವತ್ತು ನನ್ನ ಪಕ್ಕದಲ್ಲಿತ್ತು. ನಾನು ಕೊಡಲು ಹೋದೆ, ಅವಳು ತೆಗೆದುಕೊಳ್ಳಲಿಲ್ಲ. ಅಪ್ಪ ಕೇಳಿಸದವನಂತೆ ಹಗ್ಗ ಬಿಗಿಮಾಡುತ್ತಿದ್ದ.

"ಅಪ್ಪ, ಆ ಚೀಲ ಇತ್ಲಾಗೆ ಕೊಡು. ಅಪ್ಪ, ಇವ್ರಿಗೆ ಕಪ್ಪು ಬೇಕಂತೆ. ಅಪ್ಪ."

ಅವಳು ಕೂಗಲಿಲ್ಲ. ಬಾಗಿಲ ಹಿಂದಿನಿಂದ ಪಡಸಾಲೆಗೆ ಕೇಳಿಸುವಷ್ಟು ದನಿಯಲ್ಲಿ, ಒಂದೊಂದು ವಾಕ್ಯದ ತಲೆಗೂ ಆ ಪದ ಇಟ್ಟು ಹೇಳುತ್ತ ಹೋದಳು. ಪಾತ್ರೆಯಂಗಡಿಯವನು ಕೈಲಿದ್ದ ಸೌಟು ಕೆಳಗಿಟ್ಟು ನೋಡಿದ. ಕೇಳಿದ್ದ ಆ ಹೆಂಗಸು ಒಮ್ಮೆ ಅಪ್ಪನನ್ನು, ಒಮ್ಮೆ ಅಕ್ಕನನ್ನು ನೋಡಿ, ಮಗಳ ಕೈ ಹಿಡಿದುಕೊಂಡಳು. ಅಪ್ಪನ ಕತ್ತಿನ ಹಿಂಭಾಗ ಕೆಂಪಾಗಿತ್ತು. ಅವನಿಗೆ ಹೋಗಲು ಜಾಗವಿರಲಿಲ್ಲ; ಮೂರು ಕಡೆ ಟಾರ್ಪಾಲು, ಒಂದು ಕಡೆ ಗಿರಾಕಿಗಳು.

"ಅಪ್ಪ, ನಿನ್ನೇ ಕರೀತಿರೋದು."

ಅವನು ತಿರುಗಿದ. ಎಲ್ಲರಿಗೂ ಕೇಳಿಸಿತು.

"ಏನವ್ವ ರತ್ನ?"

"ಏನಿಲ್ಲ," ಎಂದಳು ಅಕ್ಕ, ಮುಂದಿನ ಹುಡುಗಿಯ ಕಡೆ ತಿರುಗುತ್ತ. "ಸುಮ್ನೆ ಕರ್ದೆ."